ಡಬ್ಬಿ ಖಾಲಿ ಬರಲಿಲ್ಲ

ಹಾನಗಲ್
16 ಜುಲೈ 2024

ಮಾನ್ಯ ಮುಖ್ಯಾಧಿಕಾರಿಗಳು,
ಪುರಸಭೆ, ಹಾನಗಲ್ ಇವರಿಗೆ

ವಿಷಯ: ಉದ್ಯಾನಕ್ಕೆ ಬಿಟ್ಟ ಜಾಗದಲ್ಲಿ ಶೆಡ್ ಹಾಕುವುದಕ್ಕೆ ತಕರಾರು.

ನಾನು ನೀಲಾಂಬಿಕಾ, ಕೋಂ ಪರಮೇಶ್ವರಪ್ಪ ಅಕ್ಕಿವಳ್ಳಿ, ವಯಸ್ಸು ಅರವತ್ತೆಂಟು. ಹಿರೇಕೆರೂರಿನ ಹೈಸ್ಕೂಲಿನಲ್ಲಿ ಎಸ್ಸೆಸ್ಸೆಲ್ಸಿ ಪಾಸಾದವಳು. ಎರಡು ಅವಧಿಗೆ ಇದೇ ಪುರಸಭೆಯ ಸದಸ್ಯೆಯಾಗಿದ್ದವಳು. ನಮ್ಮ ಓಣಿಗೆ ಗಟಾರ, ನಳ, ಬೀದಿ ದೀಪ ಯಾರ ಕಾಲದಲ್ಲಿ ಬಂದವು ಎಂಬುದನ್ನು ನಾನು ಹೇಳಬೇಕಾಗಿಲ್ಲ, ತಮ್ಮ ಕಚೇರಿಯ ಠರಾವುಗಳೇ ಹೇಳುತ್ತವೆ.

ನನ್ನ ಮನೆಯ ಎದುರಿನ ಬಯಲು ಉದ್ಯಾನಕ್ಕೆ ಮೀಸಲಿಟ್ಟದ್ದು. ಅದರ ಸುತ್ತ ತಂತಿ ಬೇಲಿ ಹಾಕಿಸಿದವಳು ನಾನು. ಬೇವು, ಹೊಂಗೆ ನೆಡಿಸಿ ಬೇಸಿಗೆಯಲ್ಲಿ ನಮ್ಮ ಮನೆಯ ಬೋರಿನ ನೀರು ಹಾಕಿಸಿದವಳೂ ನಾನೇ. ಈಗ ಕೆರೆ ಕೋಡಿಯ ಕೆಳಗಿನ ಓಣಿಯಲ್ಲಿ ಮಳೆಗೆ ಮನೆ ಬಿದ್ದವರಿಗಾಗಿ ಅಲ್ಲಿ ತಗಡಿನ ಶೆಡ್ ಹಾಕುವ ವಿಚಾರ ನಡೆದಿದೆ ಎಂದು ತಿಳಿಯಿತು. ಅವರ ಕಷ್ಟ ನಾನು ಬಲ್ಲೆ. ತಾತ್ಕಾಲಿಕ ಎಂದು ಬಂದ ತಗಡು ತುಕ್ಕು ಹಿಡಿಯುವವರೆಗೂ ಏಳುವುದಿಲ್ಲ ಎಂಬುದನ್ನೂ ಬಲ್ಲೆ. ಇಂಥ ಮಂದಿ ಒಮ್ಮೆ ಕುಳಿತರೆ ಎಬ್ಬಿಸುವುದು ಯಾರಿಂದಲೂ ಆಗುವುದಿಲ್ಲ. ಅವರಿಗೆ ಊರ ಹೊರಗಿನ ಖಾಲಿ ಗೋದಾಮು ಕೊಡಬಹುದು.

ಓಣಿಯ ಹಿರಿಯರ ಸಹಿಗಳು ಕೆಳಗಿವೆ. ವಿಚಾರಣೆಗೆ ನಾನು ಖುದ್ದಾಗಿ ಹಾಜರಾಗುತ್ತೇನೆ.

ನೀಲಾಂಬಿಕಾ ಪ. ಅಕ್ಕಿವಳ್ಳಿ


ಹಾನಗಲ್
19 ಜುಲೈ 2024

ತಂಗಿ ಸಿದ್ದವ್ವಗೆ ಅಕ್ಕ ನೀಲಾಂಬಿಕಾ ಬರೆಯುವುದು.

ಇಲ್ಲಿ ನಾವು ಹೊತ್ತಿಗೆ ಸರಿಯಾಗಿ ಉಂಡು ಚೆನ್ನಾಗಿದ್ದೇವೆ. ನೀನೂ ಹಾಗೇ ಇದ್ದೀ ಎಂದುಕೊಂಡು ಮುಂದಿನದು ಬರೆಯುತ್ತೇನೆ.

ಮಾಲತೇಶ ನಿನಗೊಂದು ಫೋನು ಕೊಡಿಸೋಣ ಎನ್ನುತ್ತಾನೆ. ವಿಷಮಜ್ವರ ನಿನ್ನ ಎರಡೂ ಕಿವಿ ತೆಗೆದುಕೊಂಡು ಹೋಗಿ ಇಷ್ಟು ವರ್ಷವಾಯಿತು, ನನ್ನ ಮಗನಿಗೆ ಇನ್ನೂ ಅದು ತಲೆಗೆ ಹೋಗಿಲ್ಲ. ನಮ್ಮಿಬ್ಬರಿಗೆ ಕಾಗದವೇ ಸೈ. ಕಾಗದದಲ್ಲಿ ಯಾರೂ ನಡುವೆ ಬಾಯಿ ಹಾಕುವುದಿಲ್ಲ.

ಪುನರ್ವಸು ಮಳೆ ಇಲ್ಲಿ ಜೋರಾಯಿತು. ಸವಣೂರಿನಲ್ಲಿ ಹೇಗಿದೆ? ನಿನ್ನ ಹಿತ್ತಲ ಗೋಡೆ ಉಬ್ಬಿದೆ ಎಂದು ಬೇಸಿಗೆಯಲ್ಲಿ ಬಂದಾಗಲೇ ಹೇಳಿದ್ದೆ. ಮಣ್ಣಿನ ಗೋಡೆ ಉಬ್ಬಿತೆಂದರೆ ಬಸುರಿ ಇದ್ದಂತೆ, ಹೊತ್ತು ಬಂದಾಗ ಯಾರ ಮಾತೂ ಕೇಳುವುದಿಲ್ಲ. ಏನು ಮಾಡಿದೆ ಬರೆ.

ನಮ್ಮ ಎದುರಿನ ಬಯಲಿಗೆ ಪುರಸಭೆಯವರು ಶೆಡ್ ತರುವ ಮಾತಾಡಿದರು. ತಕರಾರು ಕೊಟ್ಟಿದ್ದೇನೆ. ಓಣಿಯವರೆಲ್ಲ ಸಹಿ ಮಾಡಿದ್ದಾರೆ. ಬಸವೇಶ ಮೊದಲು ಹಿಂದೆ ಮುಂದೆ ನೋಡಿದ. 'ನೀವ ಮುಂದ ಇದ್ರ ನಾ ಹಿಂದ ಅದೀನ್ರಿ ಅವ್ವಾರ' ಎಂದ. ಈ ಓಣಿಯ ಗಂಡಸರು ಯಾವಾಗಲೂ ನನ್ನ ಹಿಂದೆಯೇ.

ಇನ್ನೊಂದು. ಬ್ಯಾಂಕಿನವರೊಬ್ಬರು ನಮ್ಮ ಮುಂದಿನ ಖೋಲಿಯನ್ನು ಬಾಡಿಗೆಗೆ ಕೇಳಿದ್ದರು. ನಿನ್ನ ಭಾವ ಕುಳಿತು ಅಡತಿ ವ್ಯವಹಾರ ನೋಡುತ್ತಿದ್ದ ಖೋಲಿ, ಅವರು ಹೋದಮೇಲೆ ನಾನು ಮಂದಿಯ ತಂಟೆ ತೀರಿಸಿದ ಖೋಲಿ. ಕೊಡುವುದಿಲ್ಲ ಎಂದೆ. ಬೀಗದ ಕೈ ನನ್ನ ಸೆರಗಿನ ತುದಿಯಲ್ಲಿದೆ, ಅಲ್ಲೇ ಇರುತ್ತದೆ.

ಅಪ್ಪ, ಅವ್ವ ಹೋದಮೇಲೆ ಚಿಕ್ಕೇರೂರಿನಲ್ಲಿ ನಮಗೆ ಬಾಗಿಲು ತೆಗೆಯುವವರಿಲ್ಲ. ನಿನಗೆ ತವರು ಈ ಮನೆ. ಪಂಚಮಿಗೆ ಬರಬೇಕು. ಇದು ಕೇಳುವ ಮಾತಲ್ಲ, ಹೇಳುವ ಮಾತು.

ಅಕ್ಕ


ಸವಣೂರು
27 ಜುಲೈ 2024

ಅಕ್ಕಗ ಸಿದ್ದವ್ವನ ಶರಣು.

ನಿನ್ನ ಪತ್ರ ತಡಾ ಆಗಿ ಮುಟ್ಟಿತು. ಇನ್ನ ಮ್ಯಾಲ ಮನಿ ವಿಳಾಸಕ್ಕ ಹಾಕಬ್ಯಾಡ. ಓಣ್ಯಾಗ ಮೊಳಕಾಲ ಮಟಾ ರಾಡಿ ಐತಿ, ಟಪಾಲಿನವ ಬರೂದಿಲ್ಲ. ಸರಕಾರಿ ಸಾಲಿ ಹೆಡ್‌ಮಾಸ್ತರ ಕೇರಾಫ್ ಹಾಕು, ಅವರು ನನ್ನ ಕೈಯಾಗ ಕೊಡ್ತಾರ. ಚೊಲೊ ಮನಷ್ಯಾ.

ಗ್ವಾಡಿ ಬಗ್ಗೆ ಕೇಳೀ. ಕಾಳಜಿ ಮಾಡಬ್ಯಾಡ. ಈಗ ನಾ ಮಕ್ಕೊಳ್ಳೂ ಜಾಗಾ ಒಂದ ಹನಿ ಸೋರೂದಿಲ್ಲ, ಮ್ಯಾಲ ಆರ್‌ಸಿಸಿ ಐತಿ. ಗಾಳಿ ಬೆಳಕ ಭಾಳ ಚೊಲೊ. ಸಂಗಾಟಕ್ಕ ಮಂದೀನೂ ಅದಾರ, ಒಬ್ಬಾಕೇ ಅನ್ನಿಸೂದಿಲ್ಲ. ಮದಲ ಆ ಮನ್ಯಾಗ ಮಳಿ ಬಂದ್ರ ಬೋಗಣಿ ಇಡಾಕ ಎದ್ದೆದ್ದು ನನ್ನ ಸೊಂಟ ಹೋಗತಿತ್ತು. ಈಗ ಅದ ಇಲ್ಲ.

ಇಲ್ಲೆ ಪುಷ್ಯ ಮಳಿ ಹಿಡದದ್ದು ಬಿಟ್ಟಿಲ್ಲ. ನಮ್ಮ ಓಣ್ಯಾಗ ಎಂಟ ಹತ್ತ ಮನಿ ಕುಸದು ಕುಂತಾವ. ಆ ಮಂದೀನ ಸಾಲ್ಯಾಗ ಇಟ್ಟಾರ, 'ಕಾಳಜಿ ಕೇಂದ್ರ' ಅಂತ ಬೋರ್ಡ ಬಡದಾರ. ಹದಿನೈದ ಆಗಸ್ಟಿಗೆ ಝಂಡಾ ಹಾರಸಬೇಕಲ್ಲ, ಅದರೊಳಗ ಸಾಲಿ ಖಾಲಿ ಮಾಡಬೇಕಂತ. ಮುಂದ ಎಲ್ಲಿ ಅಂತ ಯಾರಿಗೂ ತಿಳೀದು. ಇಲ್ಲಿ ಪುರಸಭ್ಯಾರೂ ಒಂದು ಬಯಲ ನೋಡ್ಯಾರ. ಆ ಬಯಲಿನ ಎದುರಿಗೆ ಮಲ್ಲಿಗಿ ಚಪ್ಪರದ ಮನಿ ಒಡತಿ ಬಾಯಾರು ಅದಾರ. 'ಇಲ್ಲೆ ಬ್ಯಾಡ್ರಿ' ಅಂತ ಮನಿಮನಿ ತಿರಿಗಿ ಸಹಿ ಮಾಡಸಾಕತ್ತಾರ. ಅಕ್ಕಾ, ಆಕಿ ಮಾರಿ ಬಿಗಿ ಹಿಡದು, ಸೆರಗ ಹೊದ್ದು, ಛತ್ರಿ ಊರಕೋತ ಹೋಗೂದು ನೋಡಿದ್ರ ನಿನ್ನ ನೆನಪಾಗತೈತಿ. ಒಬ್ಬಾಕೇ ನಗತೇನಿ.

ಪಂಚಮಿ ಇನ್ನೂ ದೂರ ಐತೆಲ್ಲ. ನೋಡೂಣು.

ಸಿದ್ದವ್ವ


ಹಾನಗಲ್
31 ಜುಲೈ 2024

ತಂಗಿ ಸಿದ್ದವ್ವಗೆ,

ಆರ್‌ಸಿಸಿ ಹಾಕಿಸಿದ್ದೀ ಎಂದು ಓದಿ ಸಂತೋಷವಾಯಿತು, ಸಿಟ್ಟೂ ಬಂತು. ಹಿರಿಯಳನ್ನು ಒಂದು ಮಾತು ಕೇಳಬಾರದಿತ್ತೇ? ಕಬ್ಬಿಣ ನಮ್ಮ ಗುರುತಿನ ಅಂಗಡಿಯಿಂದ ಕಳಿಸುತ್ತಿದ್ದೆ. ಹೋಗಲಿ. ಗಂಡ ಇಲ್ಲದೆ, ಮಕ್ಕಳಿಲ್ಲದೆ, ಖಾನಾವಳಿಗೆ ರೊಟ್ಟಿ ಬಡಿದು ಇಷ್ಟು ಮಾಡಿದೆಯಲ್ಲ. ಅಪ್ಪನ ಮಗಳು ಎಂದು ಪೂಜಾಗೆ ಹೇಳಿದೆ. ನನ್ನ ಸೊಸೆಗೆ ಇಂಥದ್ದು ಆಗಾಗ ಕೇಳಿಸುವುದು ಒಳ್ಳೆಯದು.

ಆ ಮಲ್ಲಿಗೆ ಚಪ್ಪರದ ಮನೆಯವಳು ಮಾಡುತ್ತಿರುವುದು ಸರಿಯಾಗಿದೆ. ಗಂಡಸರು ಕಟ್ಟೆಯ ಮೇಲೆ ಕುಳಿತು ಮಾತಾಡುತ್ತಾರೆ, ಅರ್ಜಿ ಬರೆಯಬೇಕಾದವರು ನಾವೇ. ಇದರ ಜೊತೆ ನನ್ನ ತಕರಾರು ಅರ್ಜಿಯ ಝೆರಾಕ್ಸ್ ಇಟ್ಟಿದ್ದೇನೆ. ಅವಳಿಗೆ ಕೊಡು. ಊರಿನ ಹೆಸರು, ಅವಳ ಹೆಸರು ಬದಲಿಸಿದರೆ ಸಾಕು, ಉಳಿದದ್ದು ಹಾಗೇ ನಡೆಯುತ್ತದೆ. ನಮ್ಮ ವಿಚಾರಣೆ ಆಗಸ್ಟ್ ಹದಿಮೂರಕ್ಕೆ.

ನಿನ್ನೆ ಕೆಳಗಿನ ಓಣಿಯ ನೀಲಪ್ಪ ಬಂದಿದ್ದ. ನನ್ನ ಚುನಾವಣೆಯಲ್ಲಿ ಹಲಗೆ ಬಾರಿಸಿಕೊಂಡು ಮುಂದೆ ನಡೆದವನು, ನಿನಗೆ ನೆನಪಿರಬೇಕು. ಒಳಗೆ ಬಾ ಎಂದರೆ ಬರಲಿಲ್ಲ, ಕಾಲು ರಾಡಿ ಇದೆ ಎಂದು ಮೆಟ್ಟಿಲ ಮೇಲೆಯೇ ಕುಳಿತ.

'ಅವ್ವಾರ, ನಿಮ್ಮ ಸಲುವಾಗಿ ನಾವು ಹಲಗಿ ಬಡದ್ವಿ. ನೀವು ನಮ್ಮ ಮ್ಯಾಲ ಅರ್ಜಿ ಬಡದ್ರೆಲ್ಲ' ಎಂದ.

'ಹಲಗಿ ಬಡದದ್ದಕ್ಕ ಬಯಲ ಬರದ ಕೊಡಾಕ ಬರತೈತೇನು ನೀಲಪ್ಪ?' ಎಂದೆ.

'ಬರದ ಕೊಡಬ್ಯಾಡ್ರಿ. ಗ್ವಾಡಿ ಏಳೂ ಮಟಾ ನೆರಳ ಕೊಡ್ರಿ.'

ಚಹಾ ಕುಡಿಸಿ ಕಳಿಸಿದೆ. ಒಬ್ಬರಿಗೆ ಮೆತ್ತಗಾದರೆ ಓಣಿಯ ಮುಂದೆ ನನ್ನ ಮಾತು ನಿಲ್ಲುವುದಿಲ್ಲ. ಹೋಗುವಾಗ ಅವನು ಆ ಬೇವಿನ ಗಿಡವನ್ನು ಕೈಯಿಂದ ಮುಟ್ಟಿ ನೋಡಿದ. ಅದನ್ನು ನೆಡುವಾಗ ಗುಂಡಿ ತೋಡಿದವನು ಅವನೇ.

ಪಂಚಮಿಗೆ ಯಾವ ಬಸ್ಸಿಗೆ ಬರುತ್ತೀ, ಬರೆ.

ಅಕ್ಕ


ಸವಣೂರು
4 ಆಗಸ್ಟ್ 2024

ಅಕ್ಕಗ ಸಿದ್ದವ್ವನ ಶರಣು.

ಅರ್ಜಿ ಮುಟ್ಟಿತು. ಅಕ್ಷರ ಮುತ್ತ ಪೋಣಿಸಿದಂಗ ಅದಾವ. ಮಾಸ್ತರೂ ನೋಡಿ 'ಯಾರದ್ರಿ ಇದು' ಅಂತ ಕೈಸನ್ನಿ ಮಾಡಿ ಕೇಳಿದ್ರು. ನಮ್ಮ ಅಕ್ಕಂದ್ರಿ ಅಂದೆ. ತರನ್ನುಮಗ ಓದಿ ಹೇಳಿದೆ. ಆಕಿ ನಮ್ಮ ಬಾಜೂ ಮನಿ ಹುಡಿಗಿ, ಹೊಲಿಗಿ ಹೊಲೀತಾಳ, ಗಂಡ ಲಾರಿ ಮ್ಯಾಲ ಹೋಗತಾನ. ಆಕಿ ಪೂರಾ ಕೇಳಿದ್ಲು. ಆಮ್ಯಾಲ ಎದ್ದು ಹೋಗಿ ನನಗ ಚಹಾ ತಂದ ಕೊಟ್ಲು.

ಆ ಬಾಯಾರಿಗೆ ಅರ್ಜಿ ಇನ್ನೂ ಕೊಟ್ಟಿಲ್ಲ. ಅದರಾಗ ಒಂದು ಕಡೆ 'ಇಂಥ ಮಂದಿ' ಅಂತ ಬರದೀ. ಇಂಥ ಮಂದಿ ಅಂದ್ರ ಎಂಥ ಮಂದಿ ಅಕ್ಕಾ? ಸುಮ್ಮ ಕೇಳಿದೆ. ಸಿಟ್ಟಿಗೇಳಬ್ಯಾಡ.

ಸಾಲ್ಯಾಗಿನ ಒಂದು ಮಾತ ಹೇಳತೇನಿ. ಒಬ್ಬಾಕಿ ಮುದುಕಿ ಅದಾಳ. ಅವತ್ತ ಮಧ್ಯಾಹ್ನ ಒಲಿ ಮುಂದ ಕುಂತಿದ್ಲಂತ. ಹಿಂದ ಗ್ವಾಡಿ ಬಿರಕ ಬಿಡಾಕತ್ತದ್ದು ಆಕಿಗೆ ಗೊತ್ತಾಗಲಿಲ್ಲ. ಬಾಜೂ ಮನಿಯಾಕಿ ಹೊರಗಿಂದ ಒದರಿದ್ಲಂತ, ಒದರಿದ್ಲಂತ, ಮುದುಕಿ ಹೊಳ್ಳಿ ನೋಡಲಿಲ್ಲ. ಕಡೀಕ ಆಕಿ ಒಳಗ ಓಡಿ ಬಂದು ಸೆರಗ ಹಿಡದು ದರದರ ಎಳದು ಅಂಗಳಕ್ಕ ಹಾಕಿದ್ಲು. ಮುದುಕಿ ಆಕಿಗೇ ಬೈದ್ಲಂತ, 'ಹಂಚಿನ ಮ್ಯಾಲಿಂದು ಹೊತ್ತತೈತಿ, ಬಿಡ ನನ್ನ' ಅಂತ. ಹೊಳ್ಳಿ ನೋಡತಾಳ, ಹಂಚ ಇಲ್ಲ, ಒಲಿ ಇಲ್ಲ. ಸಾಲ್ಯಾಗಿನ ಮಂದಿ ಈಗ ಆಕಿಗೆ ಅದನ್ನ ಹೇಳಿ ಕಾಡತಾರ. ಆಕೀನೂ ನಗತಾಳ.

ಆ ಬಾಜೂ ಮನಿಯಾಕಿಗೆ ಹುಲಗೂರಾಗ ತವರಮನಿ ಐತಿ. ಹೋಗಬಹುದಿತ್ತು. ಮುದುಕಿಗೆ ಒಬ್ಬಾಕಿಗೇ ನಿಭಾಯಿಸೂದಿಲ್ಲ ಅಂತ ಹೋಗಿಲ್ಲ.

ಅಕ್ಕಾ, ಪಂಚಮಿಗೆ ಬರಾಕ ಆಗೂದಿಲ್ಲ. ಕೆಲಸ ಭಾಳ ಐತಿ. ನನ್ನ ಪಾಲಿನ ಹಾಲ ನೀನ ಎರಿ.

ಸಿದ್ದವ್ವ


ಹಾನಗಲ್
6 ಆಗಸ್ಟ್ 2024

ತಂಗಿ ಸಿದ್ದವ್ವಗೆ,

ಇಂಥ ಮಂದಿ ಅಂದರೆ ಎಂಥ ಮಂದಿ ಎಂದು ಕೇಳಿದ್ದೀ. ತಮ್ಮದು ತಾವು ಮಾಡಿಕೊಳ್ಳದೆ ಪುರಸಭೆಯ ಬಾಗಿಲು ಕಾಯುವ ಮಂದಿ. ನೀನು ರೊಟ್ಟಿ ಬಡಿದು ಆರ್‌ಸಿಸಿ ಹಾಕಿಸಲಿಲ್ಲವೇ? ಯಾರ ಮುಂದೆ ಕೈ ಒಡ್ಡಿದೆ? ನೀನು ಮಾಡಿದ್ದನ್ನು ಅವರೂ ಮಾಡಬಹುದಿತ್ತು. ಉತ್ತರ ಸಾಕಲ್ಲವೇ.

ಆ ಮುದುಕಿಯ ಸಂಗತಿಯನ್ನು ಎರಡು ಸಲ ಓದಿದೆ. ಅವಳಿಗೆ ಹಿಂದೆ ಮುಂದೆ ಯಾರೂ ಇಲ್ಲವೇ? ಅಣ್ಣ ತಮ್ಮ, ಅಕ್ಕ ತಂಗಿ ಎಂದು ಯಾರಾದರೂ ಇರುತ್ತಾರಲ್ಲ. ಬಾಜೂ ಮನೆಯ ಪರಕೀಯ ಹುಡುಗಿ ಕಾಯುತ್ತಾಳೆ, ರಕ್ತ ಹಂಚಿಕೊಂಡವರು ತಮ್ಮ ಮನೆಯಲ್ಲಿ ಬೆಚ್ಚಗೆ ಮಲಗುತ್ತಾರೆ. ಎಂಥ ಮನೆತನವೋ. ನಮ್ಮಲ್ಲಿ ಅಂಥದ್ದು ಆಗುವುದಿಲ್ಲ.

ಪಂಚಮಿಗೆ ಬರುವುದಿಲ್ಲ ಎಂದು ಎಷ್ಟು ಸುಲಭವಾಗಿ ಬರೆದೆ. ರೊಟ್ಟಿ ಒಂದು ದಿನ ಬಡಿಯದಿದ್ದರೆ ಸವಣೂರು ಉಪವಾಸ ಬೀಳುವುದಿಲ್ಲ. ಆದರೂ ನಾನು ಕಾಯುವವಳಲ್ಲ. ನಾಳೆ ಮಾಲತೇಶನ ಕೈಯಲ್ಲಿ ಅವ್ವನ ಡಬ್ಬಿ ಕಳಿಸುತ್ತೇನೆ. ಶೇಂಗಾ ಉಂಡಿ, ಎಳ್ಳುಂಡಿ, ರವೆ ಉಂಡಿ ಇವೆ. ರವೆ ಉಂಡಿ ಪೂಜಾ ಕಟ್ಟಿದ್ದು, ಗಟ್ಟಿಯಾಗಿವೆ, ಹಲ್ಲು ನೋಡಿಕೊಂಡು ತಿನ್ನು.

ಅವ್ವನ ಮಾತು ಮರೆತಿಲ್ಲ ತಾನೇ? ತವರಿನ ಡಬ್ಬಿ ತುಂಬಿ ಹೋಗಬೇಕು, ಬರುವಾಗ ಬರಿದಾಗಿ ಬರಬಾರದು. ನೀನು ಪ್ರತಿ ವರ್ಷ ಹಾಕುವ ಹಾಗೆ ಶಾವಿಗೆ ಹಾಕು.

ಅಕ್ಕ


ಸವಣೂರು
7 ಆಗಸ್ಟ್ 2024

ಅಕ್ಕಾ,

ಉಂಡಿ ಮುಟ್ಟಿದ್ವು. ಸುತ್ತಲಿನ ಹುಡುಗೂರೆಲ್ಲಾ ತಿಂದು ಅಂಗಿಗೆ ಕೈ ಒರಸಿಕೊಂಡ್ವು. ಪೂಜಾನ ಉಂಡಿ ಒಂದು ಹುಡುಗ ಗೋಲಿ ಮಾಡಿ ಆಡಿದ, ಆಮ್ಯಾಲ ತಿಂದ. ಚೊಲೊ ಆಗ್ಯಾವ ಅಂತ ಆಕಿಗೆ ಹೇಳು.

ಈ ವರ್ಷ ಶಾವಗಿ ಉಳದಿಲ್ಲ. ಖಾಲಿ ಡಬ್ಬಿ ಕಳಸೂದು ಹ್ಯಾಂಗ? ಇದ್ದದ್ದು ಹಾಕೇನಿ.

ಮಾಲತೇಶ ಸೊರಗ್ಯಾನ. ಅಂವಗ ಏನೂ ಕೇಳಬ್ಯಾಡ.

ಸಿದ್ದವ್ವ


ಹಾನಗಲ್
14 ಆಗಸ್ಟ್ 2024

ತಂಗಿ ಸಿದ್ದವ್ವಗೆ,

ಮಾಲತೇಶನನ್ನು ನಾನು ಏನೂ ಕೇಳಲಿಲ್ಲ. ನೀನು ಆಣೆ ಹಾಕಿ ಕಳಿಸಿದ್ದೀ ಎಂದು ಅವನ ಮುಖವೇ ಹೇಳುತ್ತಿತ್ತು. ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು, ಕೈಕಾಲು ತೊಳೆಯದೆ ಅಂಗಡಿಗೆ ಹೊರಟಿದ್ದ. ನಿಲ್ಲು ಎಂದೆ.

ಮುಚ್ಚಳ ತೆಗೆದರೆ ಒಳಗೆ ಒಂದು ತೊಗರಿ ಬೇಳೆಯ ಪಾಕೀಟು. ಬಾಯಿ ಎರಡು ಮಡಿಕೆ ಮಡಚಿ ಮೇಣದಬತ್ತಿಯ ಉರಿಗೆ ಹಿಡಿದು ಅಂಟಿಸಿದ್ದು. ಸಿದ್ದವ್ವ, ನಾನು ಸದಸ್ಯೆಯಾಗಿದ್ದಾಗ ಮಳೆ ಹೆಚ್ಚಾದ ವರ್ಷಗಳಲ್ಲಿ ಪುರಸಭೆಯ ಸಭಾಭವನದ ನೆಲದ ಮೇಲೆ ಕುಳಿತು, ಮನೆ ಬಿದ್ದವರಿಗೆ ಹಂಚಲು ಇಂಥ ಪಾಕೀಟು ಅಂಟಿಸಿ ಬೆರಳು ಸುಟ್ಟುಕೊಂಡವಳು. ಯಾವ ಅಂಗಡಿಯವನೂ ಹೀಗೆ ಅಂಟಿಸುವುದಿಲ್ಲ. ನೀನು ಬೇಳೆಯನ್ನಷ್ಟೇ ಸುರಿದು ಕಳಿಸಿದ್ದರೆ ನನಗೆ ತಿಳಿಯುತ್ತಲೂ ಇರಲಿಲ್ಲ. ಬಿಚ್ಚಿದ ಪಾಕೀಟಿನದು ಕೊಡಬಾರದು, ಒಡೆಯದ್ದನ್ನೇ ಕೊಡಬೇಕು ಎಂದುಕೊಂಡಿರಬೇಕು. ಅವ್ವ ನಿನ್ನನ್ನು ಹಾಗೆ ಬೆಳೆಸಿದಳು.

ಪಾಕೀಟು ಕೈಯಲ್ಲಿ ಹಿಡಿದುಕೊಂಡೇ, 'ಆ ಸಾಲಿ ಬಸ್‌ಸ್ಟ್ಯಾಂಡಿಂದ ದೂರ ಆಗತೈತೇನೊ?' ಎಂದೆ.

'ಹತ್ರನ ಐತಿ ಬಿಡಬೇ' ಎಂದವನು ನಾಲಿಗೆ ಕಚ್ಚಿಕೊಂಡ. ಅವನ ತಪ್ಪಿಲ್ಲ, ಆಣೆ ಅವನು ಮುರಿಯಲಿಲ್ಲ.

ಆಮೇಲೆ ನಿನ್ನ ಪತ್ರಗಳನ್ನು ತೆಗೆದು ಮತ್ತೆ ಓದಿದೆ. ಆರ್‌ಸಿಸಿ ಯಾವ ಸಾಲಿಯದು, ಮುದುಕಿ ಯಾರು, ಅವಳ ಮನೆತನ ಯಾವುದು, ಎಲ್ಲ ತಿಳಿಯಿತು. ನಿನ್ನನ್ನು ಹೊರಗಿಡಲು ಅರ್ಜಿ ಬರೆದು ನಿನ್ನ ಕೈಗೇ ಕಳಿಸಿದ್ದೆ. ಇದರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಬರೆದರೆ ತೀರುವಂಥದ್ದಲ್ಲ.

ಪಂಚಮಿಯ ದಿನ ನಾಗಪ್ಪನಿಗೆ ಹಾಲೆರೆಯಲು ಕುಳಿತೆ. ಅವ್ವನ ಪಾಲು, ಅಪ್ಪನ ಪಾಲು ಎಂದು ಹೆಸರು ಹಿಡಿದು ಎರೆಯುತ್ತ ಬಂದೆ. ಸಿದ್ದವ್ವನ ಪಾಲು ಎಂದೆ. ಅಲ್ಲಿಗೆ ಮುಗಿಸಬೇಕಿತ್ತು, ಕೈ ನಿಲ್ಲಲಿಲ್ಲ. ತರನ್ನುಮನ ಪಾಲು ಎಂದೆ. ಪೂಜಾ ನನ್ನ ಮುಖ ನೋಡಿದಳು. ನೀಲಪ್ಪನ ಪಾಲು ಎಂದೆ. ಕೆಳಗಿನ ಓಣಿಯಲ್ಲಿ ನನಗೆ ನೆನಪಿದ್ದವರ ಹೆಸರೆಲ್ಲ ಹೇಳಿದೆ. ಓಟು ಕೇಳಲು ಮನೆಮನೆ ಹತ್ತಿಳಿದವಳಲ್ಲವೇ, ಬಹಳ ಹೆಸರು ನೆನಪಿದ್ದವು. ಹಾಲು ತೀರಿತು. 'ಅತ್ತಿ, ಇನ್ನೊಂದೀಟು ಹಾಲು ತರ್ಲೇನ್ರಿ?' ಎಂದಳು ಪೂಜಾ. ತಾ ಎಂದೆ. ನಮ್ಮಿಬ್ಬರ ನಡುವೆ ಇಷ್ಟು ಮೆತ್ತಗೆ ಮಾತು ನಡೆದದ್ದು ಅಪರೂಪ.

ಆ ದಿನ ನಿನ್ನ ಬೇಳೆಯನ್ನೇ ಬೇಯಿಸಿದೆ. ಬಹಳ ಹೊತ್ತು ಹಿಡಿಯಿತು. ಮನೆಯವರೆಲ್ಲ ಅದನ್ನೇ ಉಂಡೆವು.

ಭಾನುವಾರ ನಾನು ಸವಣೂರಿಗೆ ಬಂದಿದ್ದೆ. ನಿನಗೆ ಗೊತ್ತಿಲ್ಲ. ಮಧ್ಯಾಹ್ನ ಸಾಲಿಯ ಗೇಟಿನಲ್ಲಿ ನಿಂತೆ. ನೀನು ಪಡಸಾಲೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದೆ. ತಲೆಯ ಕೆಳಗೆ ಯಾವುದೋ ಸಾಲಿ ಹುಡುಗನ ಪಾಟೀಚೀಲ. ಪಕ್ಕದಲ್ಲಿ ಒಬ್ಬ ಹುಡುಗಿ ಹೊಲಿಗೆ ಮಷೀನಿನ ಕೆಸರು ಒರೆಸುತ್ತಿದ್ದಳು. ಸಿದ್ದವ್ವ ಎಂದು ಕೂಗಿದೆ. ಕಿವಿ ಕೇಳದವಳನ್ನು ಕೂಗಿದ್ದು ಯಾಕೋ ಗೊತ್ತಿಲ್ಲ. ಆ ಹುಡುಗಿ ತಲೆ ಎತ್ತಿ ನನ್ನನ್ನು ನೋಡಿದಳು, ಗುರುತು ಹಿಡಿದಳು ಎಂದು ಕಾಣುತ್ತದೆ. ನಿನ್ನ ಮೂಗೇ ನನ್ನ ಮೂಗಲ್ಲವೇ. ನಿನ್ನ ತೋಳು ಮುಟ್ಟಲು ಕೈ ಚಾಚಿದಳು. ಬೇಡ ಎಂದು ಸನ್ನೆ ಮಾಡಿದೆ. ನೀನು ನನಗೆ ತೋರಿಸಬಾರದು ಎಂದುಕೊಂಡದ್ದನ್ನು ಎಬ್ಬಿಸಿ ನೋಡುವುದು ನನ್ನಿಂದ ಆಗಲಿಲ್ಲ. ಅವಳು ನಿನಗೆ ಹೇಳಿಲ್ಲ ಎಂದರೆ ಮಾತು ಉಳಿಸಿಕೊಳ್ಳುವ ಹುಡುಗಿ.

ಅಲ್ಲಿಂದ ಮಲ್ಲಿಗೆ ಚಪ್ಪರದ ಮನೆಗೆ ಹೋದೆ. ನೀನು ಹೇಳಿದ್ದು ನಿಜ, ನನ್ನ ಹಾಗೇ ಇದ್ದಾಳೆ. ಬಾಗಿಲಲ್ಲಿ ನಿಂತು 'ಯಾರ ಬೇಕಾಗಿತ್ರಿ?' ಎಂದಳು.

'ನಾ ಹಾನಗಲ್ಲಾಕಿ. ನೀವು ಮಾಡಾಕತ್ತದ್ದನ್ನ ನಾನೂ ಮಾಡೇನ್ರಿ. ಮಂಗಳವಾರ ಹಿಂದಕ್ಕ ತಗೋತೇನಿ' ಎಂದೆ. ಶನಿವಾರ ಬರೆದಿಟ್ಟಿದ್ದ ಹಿಂತೆಗೆತದ ಅರ್ಜಿಯ ನಕಲು ಕೊಟ್ಟೆ. 'ನಿಮಗ ಬೇಕಂದ್ರ ಹೆಸರಷ್ಟ ಬದಲಿ ಮಾಡ್ರಿ.'

'ನಿಮ್ಮ ಊರಾಗ ನೀವು ಏನರ ಮಾಡಿಕೊಳ್ರಿ. ನನಗ ಯಾಕ ಹೇಳಾಕ ಬಂದೀರಿ?'

'ಕರೇ ಐತಿ. ಕೇಳಾಕ ನನಗ ಹಕ್ಕಿಲ್ಲ. ಆ ಸಾಲ್ಯಾಗ ನನ್ನ ತಂಗಿ ಅದಾಳ್ರಿ.'

ಅವಳು ಬಾಗಿಲಿನಿಂದ ಪಕ್ಕಕ್ಕೆ ಸರಿದಳು. 'ಕುಂಡ್ರಿ' ಎಂದಳು. ಚಹಾ ಕೊಟ್ಟಳು. ಬಸ್ಸಿನ ಹೊತ್ತಾಯಿತು ಎಂದು ಎದ್ದಾಗ, 'ಅವರಿಗೆ ಕಿವಿ ಕೇಳಂಗಿಲ್ಲ, ಹೌದಲ್ರಿ? ನಮ್ಮ ಮನಿಗೂ ಒಮ್ಮೆ ರೊಟ್ಟಿ ಮಾಡಿ ಕೊಟ್ಟಿದ್ರು' ಎಂದಳು. ಅವಳು ಏನು ಮಾಡುತ್ತಾಳೋ ನನಗೆ ಗೊತ್ತಿಲ್ಲ. ನಾನು ಮಾಡಬೇಕಾದದ್ದು ಹಾನಗಲ್ಲಿನಲ್ಲಿತ್ತು.

ನಿನ್ನೆ ವಿಚಾರಣೆ. ಓಣಿಯವರೆಲ್ಲ ಇಸ್ತ್ರಿ ಅಂಗಿ ಹಾಕಿಕೊಂಡು ನನ್ನ ಹಿಂದೆ ಕುಳಿತಿದ್ದರು. ನೀಲಪ್ಪ ಮತ್ತು ಅವನ ಓಣಿಯವರು ಗೋಡೆಗೆ ಆತು ನಿಂತಿದ್ದರು. ಮುಖ್ಯಾಧಿಕಾರಿ 'ಹೇಳ್ರಿ ಅವ್ವಾರ' ಎಂದರು. ನಾನು ಎದ್ದು ನಿಂತು ತಕರಾರು ಹಿಂತೆಗೆದುಕೊಂಡಿದ್ದೇನೆ ಎಂದೆ.

ಬಸವೇಶ ಎದ್ದ. 'ಏನ್ರಿ ಅವ್ವಾರ, ನಮ್ಮ ಸಹಿ ತಗೊಂಡು ನಡುನೀರಾಗ ಕೈ ಬಿಟ್ರಿ?'

'ನಿನ್ನ ಸಹಿ ನಿನಗ ಐತಿ ಬಸವೇಶ. ಬೇಕಂದ್ರ ಈಗ ನೀ ಮುಂದ ನಿಲ್ಲು. ನಾ ನಿನ್ನ ಹಿಂದ ನಿಲ್ಲೂದಿಲ್ಲ.'

'ಒಂದ ತಿಂಗಳದಾಗ ಏನಾತ್ರಿ ನಿಮಗ?'

'ಇಂಥ ಮಂದಿ ಅಂದ್ರ ಎಂಥ ಮಂದಿ ಅಂತ ಒಬ್ರು ಕೇಳಿದ್ರು. ನಾ ಕೊಟ್ಟ ಉತ್ತರ ಸುಳ್ಳಾತು.'

ಅವನು ಕುಳಿತ. ಬೇರೆ ಯಾರೂ ಏಳಲಿಲ್ಲ. ನಾನು ಬರಿಗೈಯಲ್ಲಿ ಬಿಟ್ಟುಕೊಟ್ಟಿಲ್ಲ. ಗಿಡ ಕಡಿಯಬಾರದು, ಶೌಚಾಲಯ ಮೊದಲು, ತಗಡು ಆಮೇಲೆ. ಮನೆ ಮತ್ತೆ ಕಟ್ಟಿಕೊಂಡವರು ಶೆಡ್ ಬಿಡಬೇಕು. ಇಷ್ಟೂ ಠರಾವಿನಲ್ಲಿ ಬರೆಸಿದೆ. ನಳ ಬರುವವರೆಗೆ ನೀರು ನಮ್ಮ ಬೋರಿನದು. ಹೊರಗೆ ಬರುವಾಗ ನಮ್ಮ ಓಣಿಯ ಇಬ್ಬರು ನನ್ನನ್ನು ಮಾತಾಡಿಸಲಿಲ್ಲ. ಚಪ್ಪಲಿ ಹುಡುಕುತ್ತಿದ್ದೆ, ನೀಲಪ್ಪ ತಂದು ನನ್ನ ಕಾಲ ಮುಂದೆ ಇಟ್ಟ. ಇವತ್ತು ಬೆಳಿಗ್ಗೆ ಎದುರಿನ ಬಯಲಿನಲ್ಲಿ ಕಂಬದ ಗುಂಡಿ ತೋಡುತ್ತಿದ್ದಾರೆ. ಬೇವಿನ ಗಿಡ ಬಿಟ್ಟು ಬಾಜೂದಲ್ಲಿ ತೋಡುತ್ತಿದ್ದಾರೆ, ಕಿಟಕಿಯಿಂದ ನೋಡಿದೆ.

ಮುಂದಿನ ಖೋಲಿ ತೆಗೆದು ನಿನ್ನೆ ಸಂಜೆ ತೊಳೆಸಿದೆ. ನಿನ್ನ ಭಾವನ ಮೇಜು, ನನ್ನ ಕುರ್ಚಿ ಅಟ್ಟಕ್ಕೆ ಹೋದವು. ಗೋಡೆಗೆ ಸುಣ್ಣ ಹೊಡೆದದ್ದು ಮಾಲತೇಶ, ಅದಕ್ಕೇ ಅವನ ಕೂದಲು ಹಾಗಿದೆ. ಒಂದು ಒಲೆ, ಹೊಸ ಹಂಚು, ಎರಡು ಹಾಸಿಗೆ ಇಟ್ಟಿದ್ದೇನೆ. ಕಿಟಕಿಯ ಕಡೆ ಹೊಲಿಗೆ ಮಷೀನಿಗೆ ಜಾಗ ಬಿಟ್ಟಿದ್ದೇನೆ. ತರನ್ನುಮ ಹುಲಗೂರಿಗೆ ಹೋಗುವುದಾದರೆ ಟೆಂಪೊದವನು ಅವಳನ್ನು ಅಲ್ಲಿಗೆ ಬಿಟ್ಟು ಬರುತ್ತಾನೆ. ಬರುವುದಾದರೆ ಬರಲಿ. ನಿನ್ನ ಮನೆ ಏಳುವ ತನಕ ಈ ಖೋಲಿ. ಅದಕ್ಕೆ ಓಣಿಯ ಕಡೆ ಬೇರೆಯೇ ಬಾಗಿಲಿದೆ ಎಂದು ನಿನಗೆ ಗೊತ್ತು. ನನ್ನ ಹೊಸ್ತಿಲು ದಾಟಬೇಕಾಗಿಲ್ಲ, ನನ್ನನ್ನು ಕೇಳಿ ಒಳಗೆ ಬರಬೇಕಾಗಿಲ್ಲ.

ಈ ಪತ್ರ ಮಾಲತೇಶ ತರುತ್ತಾನೆ. ಸಾಲಿಯ ಮುಂದೆ ಟೆಂಪೊ ಸಂಜೆಯವರೆಗೆ ನಿಂತಿರುತ್ತದೆ. ಬಾ ಎಂದು ಹೇಳುತ್ತಿಲ್ಲ. ಈ ಸಲ ಕೇಳುತ್ತಿದ್ದೇನೆ.

ಅವ್ವನ ಡಬ್ಬಿಯನ್ನು ಮತ್ತೆ ಕಳಿಸಿದ್ದೇನೆ. ಉಂಡಿಯ ಕೆಳಗೆ ಖೋಲಿಯ ಬೀಗದ ಕೈ ಇದೆ. ಹಳೆಯ ಬೀಗ, ಕೈ ಇದೊಂದೇ. ನನಗೆಂದು ಇನ್ನೊಂದು ಮಾಡಿಸಿಕೊಂಡಿಲ್ಲ.

ನಿನ್ನ ಅಕ್ಕ
ನೀಲಾಂಬಿಕಾ